ವ್ಯಾನಿನಿಂದ ಇಳಿಸಿದ್ದು ಯಾಕೆ

ಮುದ್ದೇಬಿಹಾಳದ ಒಂದು ಖಾಸಗಿ ಶಾಲೆಯಲ್ಲಿ ನಾನು ಆಡಳಿತ ನೋಡಿಕೊಳ್ಳುತ್ತಿದ್ದೆ. ನಮ್ಮ ವ್ಯಾನ್ ಚಾಲಕರಲ್ಲಿ ಒಬ್ಬ ಗೊಳಸಂಗಿಯವನು. ಹೆಂಡತಿಯೊಂದಿಗೆ ಇಲ್ಲೇ ಬಾಡಿಗೆ ಮನೆಯಲ್ಲಿದ್ದ. ಶಾಲೆಯಿಂದ ಕರೆದೊಯ್ದ ಪ್ರತಿ ಕೂಸೂ ತನ್ನ ಮನೆಯ ಹೊಸ್ತಿಲು ದಾಟಿ ಒಳಗೆ ಹೋಗುವ ತನಕ ಗಾಡಿ ಕದಲಿಸುತ್ತಿರಲಿಲ್ಲ.

ಪ್ರತಿ ಜೂನ್‌ನಲ್ಲಿ ಚಾಲಕರಿಂದ ಆರೋಗ್ಯದ ಫಾರ್ಮ್ ತುಂಬಿಸಿಕೊಳ್ಳುತ್ತಿದ್ದೆವು. ಆ ವರ್ಷ ಅವನದು ಮಾತ್ರ ಬರಲಿಲ್ಲ. ಮೂರನೆಯ ಸಲ ಕೇಳಿದಾಗ, ಎಂದೂ ದನಿ ಏರಿಸದವನು ಸಿಡಿದುಬಿಟ್ಟ.

"ನನ್ನ ಮೈಯಾಗ ಏನೈತಿ ಅಂತ ನಿಮಗ್ಯಾಕ್ರಿ ಮೇಡಂ? ಎಂದಾರ ಗಾಡಿ ಯಾರಿಗಾರ ತಗಲಿಸೇನೇನು?"

"ಎಲ್ಲಾ ಕೇಳಾಕತ್ತಿಲ್ಲಪಾ. ಸಕ್ಕರಿ, ಬೀಪಿ ಇದ್ರ ಅದು ನಿಂದು. ಎಚ್ಚರ ತಪ್ಪೋ ಬ್ಯಾನಿ ಐತೇನು, ಅದಷ್ಟ ಹೇಳು. ಸಣ್ಣ ಹುಡುಗ್ರು ನಿನ್ನ ಹಿಂದ ಕುಂತಿರ್ತಾರ."

ಫಾರ್ಮ್ ಮುಟ್ಟದೆ ಹೊರಟುಹೋದ. ಆ ಸಂಜೆ ಅವನ ವ್ಯಾನಿಗೆ ಬೇರೆಯವನನ್ನು ಕಳಿಸಿದೆ. ಹಾಗೆ ಮಾಡುವಾಗ ನನಗೇ ಕೆಟ್ಟೆನಿಸಿತು.

ಮರುದಿನ ಹೆಂಡತಿಯನ್ನು ಕರೆದುಕೊಂಡು ಬಂದ. ಹೇಳಿದವಳು ಅವಳೇ. "ಮನ್ಯಾಗ ಎರಡು ಸಲ ಬಿದ್ದಾರ್ರಿ ಅಕ್ಕಾರ. ಡಾಕ್ಟರು ಫಿಟ್ಸ್ ಅಂದ್ರು."

ಅವನು ನೆಲ ನೋಡುತ್ತಲೇ ಮಾತಾಡಿದ. "ತಂಗಿ ಲಗ್ನದ ಮಾತು ನಡದೈತ್ರಿ, ಯಂಕಂಚಿ ಊರಿನ ಮಂದಿ ಜೋಡಿ. ಬ್ಯಾನಿ ಮನಿತನ ಅಂದ್ರ ಒಲ್ಲೆ ಅಂತಾರ. ಮತ್ತ ನೀವು ಫಾರ್ಮಿನ್ಯಾಗ ಕೇಳೀರಿ ಖರೆ, ಹೌದು ಅಂದವನ್ನ ಏನ್ ಮಾಡ್ತೀರಿ ಅಂತ ಎಲ್ಲಿ ಬರದೀರಿ?"

ಬರೆದಿರಲಿಲ್ಲ. ಕೇಳಿದ್ದು ತಪ್ಪೆಂದು ನನಗೆ ಇಂದಿಗೂ ಅನಿಸುವುದಿಲ್ಲ; ಆದರೆ ಅವನ ಹೆದರಿಕೆಗೆ ನಮ್ಮ ಫಾರ್ಮೂ ಕಾರಣವಾಗಿತ್ತು.

ಪಠ್ಯಪುಸ್ತಕ, ಯೂನಿಫಾರ್ಮ್ ಇಡುವ ಕೋಣೆಯ ಕೆಲಸ ಅವನಿಗೆ ಕೊಟ್ಟೆವು. ಅದರ ಕಾರಣ ಶಾಲೆಯವರಲ್ಲಿ ಸಂಸ್ಥೆಯ ಅಧ್ಯಕ್ಷರಿಗೂ ನನಗೂ ಮಾತ್ರ ಗೊತ್ತಿತ್ತು. ವಾರದೊಳಗೆ ಶಾಲೆಯಲ್ಲಿ ಸುದ್ದಿ ಹಬ್ಬಿತು: ಕುಡಿದು ಗಾಡಿ ಓಡಿಸಿದನಂತೆ. "ಕುಡಿತ ಅಲ್ಲ" ಎಂದರೆ "ಮತ್ತೇನು?" ಎನ್ನುತ್ತಿದ್ದರು. ಅದನ್ನು ಹೇಳುವ ಹಕ್ಕು ನನಗಿರಲಿಲ್ಲ.

ಒಂದು ದಿನ ಯಂಕಂಚಿಯಿಂದ ವರನ ದೊಡ್ಡಪ್ಪ ಬಂದರು. ರುಮಾಲು ಸುತ್ತಿದ ಹಿರಿಯರು. ನೀರು ಕುಡಿದು ನೇರವಾಗಿ ಕೇಳಿದರು.

"ನಿಮ್ಮ ಡ್ರೈವರ್ ಮನಿಯವ್ರ ಜೋಡಿ ಬೀಗತಾನ ಮಾಡಾವ್ರ ಅದೇವ್ರಿ. ಅವನ್ನ ಗಾಡಿಂದ ಯಾಕ ಇಳಿಸೀರಿ?"

"ಅವ ಯಾವ ತಪ್ಪೂ ಮಾಡಿಲ್ರಿ. ಇಂದಿಗೂ ನಮ್ಮಲ್ಲೇ ಅದಾನ. ಕೆಲಸದವರ ಸ್ವಂತ ವಿಷಯ ನಾ ಯಾರಿಗೂ ಹೇಳಂಗಿಲ್ಲ. ಅವನ್ನ ಕೇಳ್ರಿ."

"ಮುಚ್ಚಿಡಾಕತ್ತೀರಿ ಅಂದಂಗಾತು" ಎಂದು ಎದ್ದು ಹೋದರು.

ಪುಸ್ತಕದ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಅವನಿಗೆ ತಿಳಿಸಿದೆ. ಕುಡಿತದ ಮಾತು ಯಂಕಂಚಿಗೂ ಮುಟ್ಟಿರಬಹುದೆಂದೆ. ಅವನು ಕೈಯಲ್ಲಿದ್ದ ನೋಟ್‌ಬುಕ್ಕಿನ ಕಟ್ಟನ್ನು ಕೆಳಗಿಟ್ಟ. "ನಾನ ಹೋಗಿ ಅವ್ರಿಗೆ ಹೇಳ್ತೇನ್ರಿ" ಎಂದ.

ಭಾನುವಾರ ಹೆಂಡತಿಯ ಜೊತೆ, ಡಾಕ್ಟರ ಚೀಟಿಗಳನ್ನು ಹಿಡಿದು ಬಸ್ಸಿನಲ್ಲಿ ಯಂಕಂಚಿಗೆ ಹೋದ. ಎಲ್ಲವನ್ನೂ ಬಿಡಿಸಿ ಹೇಳಿದ. ವರನ ತಾಯಿ ಎದ್ದು ಒಳಗೆ ಹೋದರಂತೆ. ದೊಡ್ಡಪ್ಪ ಮಾತ್ರ "ಗುಳಿಗಿ ತಪ್ಪಸೂದಿಲ್ಲಲ್ಲ?" ಎಂದು ಕೇಳಿದರಂತೆ. ಆಮೇಲೆ ಹದಿನೈದು ದಿನ ಯಾವ ಸುದ್ದಿಯೂ ಇಲ್ಲ. ಅವನು ಊಟ ಬಿಟ್ಟು ಸೊರಗಿದ; ನಾನೂ ಅವನ ಕಣ್ಣು ತಪ್ಪಿಸಿ ಓಡಾಡಿದೆ. ಕಡೆಗೆ ವರನೇ ಫೋನ್ ಮಾಡಿ, "ತಾರೀಕು ಹಿಡೀರಿ ಅಣ್ಣಾ" ಅಂದನಂತೆ.

ಮದುವೆಗೆ ನಾನೂ ಹೋಗಿದ್ದೆ. ಪಂಕ್ತಿಯಲ್ಲಿ ಬಡಿಸುತ್ತ ಬಂದ ದೊಡ್ಡಪ್ಪ ನನ್ನೆದುರು ನಿಂತರು.

"ಅವತ್ತ ನೀವ ಹೇಳಿದ್ರ ನಾವು ಸಂಬಂಧ ಅಲ್ಲೇ ಕಡಕೊಂಡು ಹೋಗ್ತಿದ್ವಿ ನೋಡ್ರಿ. ಅಂವ ತಾನ ಬಂದು ಹೇಳಿದ್ದಕ್ಕ ಕುಂತು ಕೇಳಿದ್ವಿ" ಎಂದವರೇ, ಬೇಡವೆಂದರೂ ಬಿಡದೆ ನನ್ನ ಎಲೆಗೆ ಇನ್ನೊಂದು ಸೌಟು ಹುಗ್ಗಿ ಹಾಕಿದರು.