ಪರದೆಯ ಹಿಂದಿನ ಏಳನೆಯವನು

ಅಮೀನಾ ಬಿ ಕೂತಲ್ಲಿ ಕೂರುವ ಹೆಂಗಸಲ್ಲ. ರೈಸ್‌ವೈಕಿನಲ್ಲಿ ಟ್ರಾಮ್ ಬರಲು ನಾಲ್ಕು ನಿಮಿಷವಿದ್ದರೆ ಮುಂದಿನ ಸ್ಟಾಪಿಗೆ ನಡೆದೇಬಿಡುತ್ತಾಳೆ. ಅರ್ಧ ದಾರಿಯಲ್ಲಿ ಟ್ರಾಮ್ ಅವಳನ್ನು ದಾಟಿ ಹೋಗುತ್ತದೆ. ಇಪ್ಪತ್ತಾರು ವರ್ಷ ಈ ಡಚ್ಚರ ದೇಶದಲ್ಲಿದ್ದರೂ ಅವಳು ಕಾಯುವುದನ್ನು ಕಲಿತಿಲ್ಲ, ಇನ್ನು ಕಲಿಯುವುದೂ ಇಲ್ಲ. ಇಂಥವಳು ತಣ್ಣಗಾಗುವುದು ಹಳೆಯ ಫೋಟೊ ಕೈಗೆ ಬಂದಾಗ ಮಾತ್ರ. ಊರಿನ ಒಂದು ಖಾಸಗಿ ದಾಖಲೆ ಸಂಗ್ರಹದಲ್ಲಿ ಅವಳ ಕೆಲಸವೂ ಅದೇ: ಫೋಟೊಗಳ ದೂಳು ತೆಗೆದು ಸ್ಕ್ಯಾನ್ ಮಾಡುವುದು.

ಅದು ಅಪ್ಪನಿಂದ ಬಂದ ಗುಣ. ಗದಗಿನಲ್ಲಿ ಅವರದ್ದೊಂದು ಸ್ಟುಡಿಯೊ ಇತ್ತು. ಅಲ್ಲಿಗೆ ಬಂದವರ ಮೊಡವೆ, ಸಿಡುಬಿನ ಕಲೆ ಎಲ್ಲ ಅಪ್ಪನ ಕುಂಚದ ತುದಿಯಲ್ಲಿ ಮಾಯ. ಬೇರೆ ಬೇರೆ ತೆಗೆಸಿಕೊಂಡ ಗಂಡ ಹೆಂಡತಿಯನ್ನು ಒಂದೇ ಬೆಂಚಿನ ಮೇಲೆ ಕೂರಿಸಿಬಿಡುತ್ತಿದ್ದರು. ಕಲೆಯಿರುವ ಫೋಟೊ ಗಿರಾಕಿಯ ಕೈಗೆ ಹೋದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ದೀಪದ ಮಸಿಗೆ ಗೋಂದು ಕಲಸಿ ಕಪ್ಪು ಮಾಡುವುದನ್ನು ಮಗಳು ಎಂಟನೆಯ ವಯಸ್ಸಿಗೇ ಕಲಿತಿದ್ದಳು. ಅಂಗಡಿಯ ಬಣ್ಣವನ್ನು ಅವಳು ಇವತ್ತಿಗೂ ನಂಬುವುದಿಲ್ಲ. ಆಫೀಸಿನ ಡ್ರಾಯರಿನಲ್ಲಿ ಅದೇ ಮಸಿಯ ಡಬ್ಬಿ ಇಟ್ಟುಕೊಂಡಿದ್ದಾಳೆ. ಆದರೆ ಆಫೀಸಿನ ನಿಯಮವೇ ಬೇರೆ. ಇದ್ದದ್ದನ್ನು ಇದ್ದ ಹಾಗೆ ಸ್ಕ್ಯಾನ್ ಮಾಡಬೇಕು, ಕುಂಚ ಮುಟ್ಟುವ ಹಾಗಿಲ್ಲ.

ಮಾರ್ಚಿನಲ್ಲಿ ಒಂದು ಪೆಟ್ಟಿಗೆ ಬಂತು. ಪಶ್ಚಿಮ ಸಹಾರಾದ ವಿಮೋಚನಾ ಹೋರಾಟಕ್ಕೆ ಇಲ್ಲಿಂದಲೇ ಬೆಂಬಲ ಕೂಡಿಸುತ್ತಿದ್ದ ಡಚ್ ಮೇಷ್ಟರೊಬ್ಬರು ತೀರಿಕೊಂಡು, ಅವರ ಕಾಗದವೆಲ್ಲ ಸಂಗ್ರಹಕ್ಕೆ ಸೇರಿತ್ತು. ಅದರಲ್ಲಿ ಒಂದು ಕಟ್ಟು ಆ ಹೋರಾಟಗಾರರಿಗೂ ಉತ್ತರ ಕೊರಿಯಾಕ್ಕೂ ನಡುವೆ ನಡೆದ ಪತ್ರವ್ಯವಹಾರ. ಒಬ್ಬರು ಲೋಕಕ್ಕೇ ಬಾಗಿಲು ಹಾಕಿಕೊಂಡು ಕೂತವರು, ಇನ್ನೊಬ್ಬರು ಬಾಗಿಲು ಹಾಕಿಕೊಳ್ಳಲು ಮನೆಯೇ ಇಲ್ಲದೆ ಮರಳುಗಾಡಿನ ಡೇರೆಗಳಲ್ಲಿದ್ದವರು. ನಡುವೆ ಅರ್ಧ ಭೂಗೋಳ. ಆದರೂ ಪತ್ರಗಳಲ್ಲಿ ಒಂದೇ ತಾಯಿಯ ಮಕ್ಕಳಿಗಿಂತ ಹೆಚ್ಚಿನ ಪ್ರೀತಿ. ಜನ್ಮದಿನಕ್ಕೊಂದು ತಂತಿ, ಹಬ್ಬಕ್ಕೊಂದು ತಂತಿ.

ಕಟ್ಟಿನ ತಳದಲ್ಲಿ ಒಂದು ದೊಡ್ಡ ಫೋಟೊ ಇತ್ತು. 1978, ಪ್ಯೊಂಗ್ಯಾಂಗ್. ಅತಿಥಿಗಳಾಗಿ ಹೋದ ಆರು ಜನ ಸಹಾರಾದ ಗಂಡಸರು ದಪ್ಪ ಪರದೆಯ ಮುಂದೆ ಸಾಲಾಗಿ ನಿಂತಿದ್ದಾರೆ. ಸಾಲಿನ ಬಲತುದಿಯಲ್ಲಿ, ಪರದೆಯ ಮಡಿಕೆಯ ಮೇಲೆ, ಹೆಬ್ಬೆರಳಗಲ ಬಣ್ಣ ಎದ್ದು ಒಳಗಿನಿಂದ ಏನೋ ಕಂದು ಕಲೆ ಇಣುಕುತ್ತಿತ್ತು. ಬೂಷ್ಟು ಎಂದುಕೊಂಡಳು ಅಮೀನಾ ಬಿ. ಕೈ ಕೇಳಲಿಲ್ಲ. ಮಸಿಯ ಡಬ್ಬಿ ತೆಗೆದು, ಹತ್ತೇ ನಿಮಿಷದಲ್ಲಿ ಮಡಿಕೆಯನ್ನು ಮಡಿಕೆಯ ಹಾಗೆ ಕೂರಿಸಿ, ಸ್ಕ್ಯಾನ್ ಮಾಡಿ, ಪಟ್ಟಿಯಲ್ಲಿ ‘ಆರು ಜನ’ ಎಂದು ಬರೆದಳು. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು ಎಂದು ಹಿಗ್ಗಿದಳು ಕೂಡ.

ಎರಡು ವಾರ ಕಳೆದು ಒಂದು ಮಂಗಳವಾರ ಬ್ರಾಹಿಂ ಬಂದರು. ಅರವತ್ತೆಂಟರ ತೆಳು ಮುದುಕ, ಕಾಪೆಲ್ಲೆ ಊರಿನಲ್ಲಿ ಮಗಳ ಮನೆಯಲ್ಲಿರುವವರು. ಹನ್ನೊಂದು ವರ್ಷದಿಂದ ಇಲ್ಲಿದ್ದಾರೆ, ಯಾವ ದೇಶದ ಪ್ರಜೆಯೂ ಅಲ್ಲ. ತನಗೆ ದೇಶವಿಲ್ಲ ಎಂದು ಕೋರ್ಟು ಒಪ್ಪಿದರೆ ಮಾತ್ರ ಮುಂದಿನ ಕಾಗದ. ಸೋಮವಾರ ವಿಚಾರಣೆ. ನೀವು ಸಹಾರಾದವರೇ ಎನ್ನುವುದಕ್ಕೆ ಏನು ಗುರುತು ಎಂದು ಎದುರು ಕಡೆಯವರು ಕೇಳಿದ್ದಾರೆ. ಮೇಷ್ಟರ ಪೆಟ್ಟಿಗೆಯಲ್ಲಿ ತಾವಿರುವ ಹಳೆಯ ಫೋಟೊ ಸಿಕ್ಕೀತೆಂದು ಹುಡುಕಿಕೊಂಡು ಬಂದಿದ್ದರು.

ಫೋಟೊ ಮುಂದಿಟ್ಟಾಗ ಮುದುಕ ಪರದೆಯ ಮಡಿಕೆಯ ಮೇಲೆ ಬೆರಳಿಟ್ಟರು.

“ನಾನು ಇಲ್ಲಿ ನಿಂತಿದ್ದೆ,” ಎಂದರು ಮುರುಕು ಡಚ್ಚಿನಲ್ಲಿ. “ಔತಣದಲ್ಲಿ ಕೊರಿಯಾದವರು ತಮ್ಮ ನಾಯಕರ ಭಾವಚಿತ್ರ ಇನ್ನೂರು ಕೊಟ್ಟರು. ಚಿತ್ರ ಸಾಕು, ಇಬ್ಬರು ಡಾಕ್ಟರನ್ನು ಕಳಿಸಿ ಅಂದೆ. ಅವರಿಗೂ ಸಿಟ್ಟು ಬಂತು, ನಮ್ಮವರಿಗೂ ಸಿಟ್ಟು ಬಂತು. ಬಣ್ಣ ಬಳಿದದ್ದು ಯಾರು ಅಂತ ಗೊತ್ತಿಲ್ಲ. ಇಬ್ಬರಿಗೂ ನಾನು ಬೇಡವಾಗಿದ್ದೆ.”

ಫೋಟೊ ತಿರುಗಿಸಿದರು. ಹಿಂದೆ ಟೈಪ್ ಮಾಡಿದ ಹೆಸರು ಏಳು.

ಅಮೀನಾ ಬಿ ಫೋಟೊವನ್ನು ಮತ್ತೆ ತಿರುಗಿಸಿ, ತಾನು ಮಸಿ ಬಳಿದ ಜಾಗವನ್ನು ಬಗ್ಗಿ ನೋಡಿದಳು. ಅದು ಬೂಷ್ಟಲ್ಲ, ಕಿವಿ.

ಆಮೇಲೆ ಎರಡು ದಿನ ಅವಳ ಕಾಲು ಒಂದು ಕಡೆ ನಿಲ್ಲಲಿಲ್ಲ. ಒಗೆದ ಬಟ್ಟೆಯನ್ನೇ ಮತ್ತೆ ಮೆಷಿನ್ನಿಗೆ ಹಾಕಿದಳು. ಅಂಗಡಿಗೆ ಹೋಗಿ ಏನೂ ಕೊಳ್ಳದೆ ಬಂದಳು. ಗುರುವಾರ ಬೆಳಿಗ್ಗೆ ಗಂಡ ಗಯಾಸ್ ಜೈಡಾಸಿನ ಬ್ಯಾಂಕಿನ ಕೆಲಸಕ್ಕೆ ಹೊರಡುವ ಹೊತ್ತಿಗೆ ಬಾಗಿಲಿಗೆ ಅಡ್ಡ ನಿಂತು ಎಲ್ಲ ಹೇಳಿದಳು.

“ತಿಂಗಳ ಕೊನಿಗೆ ನಿನ್ನ ಪರ್ಮನೆಂಟ್ ಕಾಂಟ್ರಾಕ್ಟ್ ಅದ,” ಎಂದ ಗಯಾಸ್. “ಈಗ ಹೇಳಿದ್ರ ಅದು ಹೋತು ಅಂತನ ತಿಳ್ಕೊ. ಸುಮ್ನಿದ್ರ ಯಾರಿಗೆ ಗೊತ್ತಾಗ್ತದ?”

“ನನಗ ಗೊತ್ತದಲ್ರೀ.”

“ಅಲ್ಲ, ಬಣ್ಣ ಬಳದವರು ಅವರು. ನೀ ಬರೇ ತೂತು ಮುಚ್ಚೀದಿ.”

“ಆ ಮನುಷ್ಯಾ ಹೊರಗ ಬರ್ಲಿಕ್ಕೆ ಇದ್ದದ್ದು ಅದೊಂದ ತೂತು. ಅದನ್ನೂ ನಾ ಮುಚ್ಚೀನಿ.”

ಗಯಾಸ್ ಶೂ ಹಾಕಿಕೊಂಡು ಎದ್ದ. “ಹೋಗು, ಹೇಳು,” ಎಂದ. “ಇಲ್ಲಂದ್ರ ಮನಿಯೊಳಗ ನಮಗೂ ನೆಮ್ಮದಿ ಇಲ್ಲ.”

ಅವತ್ತೇ ಮೇಲಧಿಕಾರಿ ಮಾರ್ಲೂಸ್‌ಗೆ ಹೇಳಿದಳು. ಮಾರ್ಲೂಸ್ ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು, ಅಷ್ಟೇ. ಶುಕ್ರವಾರ ಬ್ರಾಹಿಂ ಅವರನ್ನೂ ಕರೆಸಿ, ಬಣ್ಣದ ಅಡಿಯಲ್ಲಿರುವುದನ್ನು ತೋರಿಸುವ ಇನ್‌ಫ್ರಾರೆಡ್ ಕ್ಯಾಮೆರಾದ ಕೆಳಗೆ ಫೋಟೊ ಇಟ್ಟರು.

ಪರದೆಯ ಮಡಿಕೆಗಳು ಕಂಪ್ಯೂಟರಿನಲ್ಲಿ ನಿಧಾನಕ್ಕೆ ತೆಳುವಾದವು. ಒಂದು ಭುಜ ಬಂತು, ಕೊರಳು ಬಂತು, ಗಲ್ಲ ಬಂತು. ಆದರೆ ಮುಖದ ಅರ್ಧಭಾಗದ ಮೇಲೆ, ಕಣ್ಣಿನಿಂದ ಕಿವಿಯವರೆಗೆ, ಕಪ್ಪು ಹಾಗೆಯೇ ಉಳಿಯಿತು.

“ಹಳೆಯ ಬಣ್ಣದಲ್ಲಿ ಈ ಬೆಳಕು ಹಾದುಹೋಗುತ್ತೆ,” ಎಂದಳು ಮಾರ್ಲೂಸ್. “ಮಸಿಯಲ್ಲಿ ಹೋಗಲ್ಲ.”

ಬ್ರಾಹಿಂ ಆ ಕಪ್ಪನ್ನು ತೋರಿಸಿದರು. “ಇದು ಯಾರದ್ದು?”

“ನಂದು,” ಎಂದಳು ಅಮೀನಾ ಬಿ. “ಹೋದ ತಿಂಗಳು ನಾನೇ ಬಳಿದೆ. ಕಲೆ ಅಂದ್ಕೊಂಡೆ.”

ಮುದುಕ ಕಂಪ್ಯೂಟರಿನ ಹತ್ತಿರಕ್ಕೆ ಬಗ್ಗಿದರು.

“ಎರಡು ಸರ್ಕಾರದವರು ಸೇರಿ ಬಳಿದದ್ದರೊಳಗೆ ಕಾಣಿಸ್ತೀನಿ,” ಎಂದರು. “ನಿಮ್ಮದರೊಳಗೆ ಕಾಣಿಸ್ತಿಲ್ಲ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಗೋಂದಿನ ಮಸಿ ನೀರಿಗೆ ಬಿಡುತ್ತದೆ, ನಾನೇ ತೆಗೆಯುತ್ತೇನೆ ಎಂದಳು. ನೀರು ಹೆಚ್ಚಾದರೆ ಮುಖವೇ ಎದ್ದು ಬರಬಹುದು ಎಂದು ಮಾರ್ಲೂಸ್ ಎಚ್ಚರಿಸಿದಳು. ಮುಖ ಯಾರದ್ದೋ ಅವರೇ ಹೇಳಲಿ ಎಂದು ಇಬ್ಬರೂ ಬ್ರಾಹಿಂ ಕಡೆ ನೋಡಿದರು. ಅವರು ಆಗಲಿ ಎಂದು ತಲೆಯಾಡಿಸಿದರು.

ಮಾರ್ಲೂಸ್ ದಾಖಲೆಗೆಂದು ವಿಡಿಯೊ ಚಾಲೂ ಮಾಡಿದಳು. ಅಮೀನಾ ಬಿ ಹತ್ತಿಯ ಕಡ್ಡಿಯನ್ನು ಒದ್ದೆ ಮಾಡಿ, ಹಿಂಡಿ, ಮುಟ್ಟಿಸಿ ಎತ್ತಿದಳು. ಮುಟ್ಟಿಸಿ ಎತ್ತಿದಳು. ನಲವತ್ತು ನಿಮಿಷ ಅವಳು ಕುರ್ಚಿಯಿಂದ ಏಳಲಿಲ್ಲ. ಮತ್ತೆ ಕ್ಯಾಮೆರಾ ಕೆಳಗಿಟ್ಟಾಗ ಇಪ್ಪತ್ತೊಂದರ ಹುಡುಗನೊಬ್ಬ, ಅಗಲ ಕಿವಿಯವನು, ಯಾರಿಗೂ ಹೆದರದವನ ಹಾಗೆ ನೇರ ನೋಡುತ್ತಿದ್ದ. ಬ್ರಾಹಿಂ ತಮ್ಮ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅಮೀನಾ ಬಿಗೆ ಅಳು ಬಂತು, ಅವಳು ಅದನ್ನು ತಡೆಯಲೂ ಇಲ್ಲ.

ಮಾರ್ಲೂಸ್ ಕೀಬೋರ್ಡನ್ನು ಹತ್ತಿರ ಎಳೆದುಕೊಂಡಳು. “ಅಮೀನಾ, ನೀನು ಬಳಿದದ್ದನ್ನು ನಾನು ಮೇಲಿನವರಿಗೆ ಬರೀಲೇಬೇಕು. ಕಾಂಟ್ರಾಕ್ಟ್ ಆಗಲ್ಲ, ಗೊತ್ತಲ್ಲ?”

“ಗೊತ್ತು. ಬರೀರಿ,” ಎಂದಳು ಅಮೀನಾ ಬಿ. “ಆದ್ರೆ ಮೊದಲು ಇವರ ವಕೀಲರಿಗೆ ಇದನ್ನ ಕಳಿಸಿ. ಐದು ಗಂಟೆಗೆ ಅವರ ಆಫೀಸು ಮುಚ್ಚುತ್ತೆ.”