ತಾನಾಗೇ ಎದ್ದ ಬಿಲ್ಲೆ
ಕೆಟ್ಟ ರೇಡಿಯೋ, ಟೀವಿಗಳ ಬೋರ್ಡು ರಿಪೇರಿ ಮಾಡುವ ಅವನನ್ನು ಬೀದಿಯವರೆಲ್ಲ ಎಳೆಮಾವ ಎನ್ನುತ್ತಾರೆ. ಬೋರ್ಡಿನ ಮೇಲೆ ಕಡಿದುಹೋದ ತಾಮ್ರದ ಗೆರೆಗೆ ಕೂದಲೆಳೆಯಂಥ ತಂತಿ ಬೆಸೆದು ಜೀವ ಕೊಡುವುದು ಅವನ ಕಸುಬು. ಬೆಸೆಯುವಾಗ ಅವನು ಉಸಿರು ಬಿಗಿಹಿಡಿಯುತ್ತಾನೆ, ಗಿರಾಕಿಯೂ ಬಿಡಕೂಡದು, ಫ್ಯಾನಂತೂ ತಿರುಗಲೇಬಾರದು. ಆದರೆ ಬೆಸುಗೆ ಕೂರುವ ಪುಟ್ಟ ತಾಮ್ರದ ಬಿಲ್ಲೆಯೇ ಕಿತ್ತುಬಂದಿದ್ದರೆ ಅವನ ಪಿತ್ತ ನೆತ್ತಿಗೇರುತ್ತದೆ. ಅರೆಬರೆ ಕಲಿತವರು ಕಾದ ಬೆಸುಗೆಕಡ್ಡಿಯನ್ನು ಒತ್ತಿಹಿಡಿಯದೆ ಅದು ಏಳುವುದಿಲ್ಲ. “ನನಗಿಂತ ಮೊದಲು ಕೈಹಾಕಿದ್ದು ಯಾರು?” ಎಂದು ಕೇಳುತ್ತಾನೆ. “ಯಾರೂ ಇಲ್ಲ ಮಾವ, ತಾನಾಗೇ ಎದ್ದು ಬಂತು,” ಎನ್ನುತ್ತಾನೆ ಗಿರಾಕಿ. “ತಾನಾಗೇ ಏಳೋಕೆ ಅದೇನು ಮಲಗಿ ನಿದ್ದೆ ಮಾಡ್ತಿತ್ತಾ?” ಎಂದು ಗದರಿ, ತಪ್ಪೊಪ್ಪಿಕೊಳ್ಳುವವರೆಗೆ ಬೋರ್ಡು ಮುಟ್ಟುವುದಿಲ್ಲ. ಒಪ್ಪಿಕೊಂಡರೆ ಹೊಸ ಬಿಲ್ಲೆ ಅಂಟಿಸಿ, ಗೆರೆಗೆ ಜೋಡಿಸಿ, ಮಗುವಿನ ಕೆನ್ನೆಯಂತೆ ಸವರಿ ಕೊಡುತ್ತಾನೆ. ಮೊನ್ನೆ ಹೆಂಡತಿ ಅಡುಗೆಮನೆಯ ರೇಡಿಯೋ ತಂದು ಮುಂದಿಟ್ಟಳು. ಬಿಚ್ಚಿದರೆ ಒಳಗೊಂದು ಬಿಲ್ಲೆ ಕರಕಲಾಗಿ ಎದ್ದು ನಿಂತಿತ್ತು. ಬೊಬ್ಬೆಹೊಡೆಯಲು ಬಾಯಿ ತೆರೆದವನು, ಅವಳು ಬೆನ್ನ ಹಿಂದೆ ಮರೆಮಾಡಲು ಹೊರಟ ಬೆರಳಿನ ತುದಿಯ ಸುಟ್ಟ ಬೊಬ್ಬೆ ಕಂಡು ಹಾಗೇ ಮುಚ್ಚಿದ. ಬಿಗಿಹಿಡಿದ ಉಸಿರನ್ನೆಲ್ಲ ಆ ಬೆರಳಿಗೆ ಊದುತ್ತಾ, “ಬಿಡೇ, ಕೆಲವು ತಾನಾಗೇ ಏಳ್ತವೆ,” ಎಂದ.