ಛಲೋ ಕೈ ಮೊದಲು ನೋಡುವ ಡಾಕ್ಟರಬಾಯಿ

ಡಾಕ್ಟರಬಾಯಿ ಯಾರ ಮುಖವನ್ನೂ ನೋಡಿ ಮಾತಾಡಿದವಳಲ್ಲ. ಬೆಳಗಾವಿಯ ಆ ಕತ್ತಲೆ ಕೋಣೆಯಲ್ಲಿ ಸೋನೋಗ್ರಫಿ ಮಶೀನಿನ ಪರದೆ ನೋಡುತ್ತಲೇ ಮಾತು. ಊಟದ ಡಬ್ಬಿ ಬಿಚ್ಚುವುದೂ ಅಲ್ಲೇ. ಊರಿನ ಕೂಸುಗಳನ್ನೆಲ್ಲ ಹೆತ್ತವರಿಗಿಂತ ಮೊದಲು ಕಂಡವಳು. ಮನೆಯಲ್ಲಿ ಯಾರಿದ್ದಾರೆಂದು ಕೇಳಿದರೆ, "ಬಾಗಲಕ್ಕ ಬೀಗ ಅದರೀ ಆಯಿ" ಅಂದಳು.

ನಮ್ಮೂರು ಬೀಡಿಯಲ್ಲಿ ನನ್ನ ಮೊಮ್ಮಗಳು ರೇಣುಕಾ ಬಣವೆಯಿಂದ ಬಿದ್ದು ಮೊಣಕೈಗಿಂತ ಮೇಲೆ ಕೈ ಮುರಿದುಕೊಂಡಿದ್ದಳು. ಎಲುಬು ಕೂಡಿತು, ಪ್ಲಾಸ್ಟರ್ ಬಿಚ್ಚಿದರು. ಮುಂಗೈ ಮಾತ್ರ ಜೋತುಬಿದ್ದು ಏಳಲೊಲ್ಲದು. ನರಕ್ಕೆ ಪೆಟ್ಟಾಗಿದೆ, ತಾನೇ ಸುಧಾರಿಸೀತು, ಕಾಯೋಣ ಎಂದರು ಎಲುಬಿನ ಡಾಕ್ಟರು. ಅಷ್ಟರಲ್ಲಿ ಒಂದು ಸೋನೋಗ್ರಫಿಯೂ ಆಗಲಿ ಅಂದರು. ನನಗೆ ಸಿಟ್ಟು ಬಂತು. ಬಸುರಿಯರು ಮಾಡಿಸುವುದನ್ನು ಎಂಟು ವರ್ಷದ ಹುಡುಗಿಗೆ? ಖಾನಾಪುರದಲ್ಲಿ ಬಸ್ಸು ಬದಲಿಸುವಾಗ ಸಿಕ್ಕವರಿಗೆಲ್ಲ ಹಲ್ಲು ಕೀಳಿಸಲು ಹೊರಟಿದ್ದೇವೆಂದೆ. ದವಾಖಾನೆಯಲ್ಲಿ ಬಸುರಿಯರ ನಡುವೆ ಹುಡುಗಿಯ ಮುಖಕ್ಕೆ ಸೆರಗು ಮುಚ್ಚಿ ಕೂತೆ. ಒಳಗೆ ಹೋದರೂ ತೆಗೆಯಲಿಲ್ಲ.

"ಸೆರಗ ತಗೀರಿ ಆಯಿ. ಕೈಯಾಗ ಬಸರ ನಿಲ್ಲಂಗಿಲ್ಲ" ಅಂದಳು ಡಾಕ್ಟರಬಾಯಿ.

ಮುರಿದ ಕೈ ಮುಂದೆ ಮಾಡಿದರೆ ಅದನ್ನು ಸರಿಸಿ, ಇನ್ನೊಂದು ಕೈಗೆ ಅಂಟು ಸವರಿದಳು. ಕಣ್ಣು ಕಾಣುತ್ತವೋ ಇಲ್ಲವೋ ಎಂದು ಬೈದೆ.

"ಛಲೋ ಕೈಯಾಗ ನರ ಹೆಂಗ ಹೊಂಟದ ಅಂತ ಮೊದಲ ನೋಡ್ಕೋಬೇಕ್ರೀ. ಆಮ್ಯಾಲ ಇದರಾಗ ಎಲ್ಲಿ ದಾರಿ ತಪ್ಪೇದ ಕಾಣ್ತದ."

ಆಮೇಲೆ ಈ ಕೈ ಹಿಡಿದಳು. ಮೊಣಕೈ ಹತ್ತಿರ ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಹಳ ಹೊತ್ತು ಮಶೀನಿನ ಹಿಡಿಕೆ ಆಡಿಸಿದಳು. ಕಡೆಗೆ ಎಲುಬಿನ ಡಾಕ್ಟರಿಗೆ ಫೋನು ಹಚ್ಚಿದಳು. "ಕಾಯಬ್ಯಾಡ್ರಿ ಸರ. ನರ ಎಲುಬಿನ ಸಂದ್ಯಾಗ ಸಿಕ್ಕೊಂಡದ. ತಾನ ಬಿಡಂಗಿಲ್ಲ." ಆ ಕಡೆಯವರು ಏನೋ ವಾದಿಸಿದರು. ಇವಳು ಅದೇ ಮಾತನ್ನು ಅದೇ ದನಿಯಲ್ಲಿ ಮತ್ತೆ ಹೇಳಿದಳು.

ಆಪರೇಶನ್ ಆಯಿತು. ತಿಂಗಳುಗಟ್ಟಲೆ ಏನೂ ಇಲ್ಲ. ನಾನು ರೊಟ್ಟಿ ಬಡಿಯುವಾಗ ಬಾಜು ಕೂತು ಹುಡುಗಿ ದಿನಾ ಮುಂಗೈ ಎತ್ತಲು ತಿಣುಕುತ್ತಿದ್ದಳು. ಒಮ್ಮೆ ತುಸು ಅಲುಗಿತು. ಸುಗ್ಗಿಯ ಹೊತ್ತಿಗೆ ಪೂರಾ ಎದ್ದಿತು.

ಡಾಕ್ಟರಬಾಯಿಗೆ ತೋರಿಸಲು ಹೋದೆವು. ಬಾಗಿಲಲ್ಲೇ ರೇಣುಕಾ ಕೈ ನೀಟಾಗಿ ಎತ್ತಿ ನಿಂತಳು. ಒಳಗಿದ್ದವ ಬೇರೆ ಡಾಕ್ಟರ. ಬಾಯಿ ತೀರಿಕೊಂಡಳು, ಮಣ್ಣು ಮಾಡಿದ್ದೂ ದವಾಖಾನೆಯವರೇ ಎಂದ. ಆಮೇಲೆ, ಪೇಶಂಟ್ ಯಾರು ಎಂದು ಕೇಳಿದ.

"ಯಾರೂ ಇಲ್ರೀ" ಅಂದೆ.

ಹುಡುಗಿ ಇನ್ನೂ ಕೈ ಎತ್ತಿಯೇ ನಿಂತಿದ್ದಳು. ನಾನೇ ಹಿಡಿದು ಇಳಿಸಿದೆ.